ಜಬ್ಲಾ ಯಾಕೆ ಕೆಟ್ಟಿತು? ಮಕ್ಕಳ ಹೊಲಿಗೆಯಲ್ಲಿ ದೋಷ ಹುಡುಕುವ ಬಗೆ

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಪೆರ್ಲದಿಂದ ಅಕ್ಕನ ಮಗಳು ಫೋನ್ ಮಾಡಿದಳು. “ಚಿಕ್ಕಮ್ಮಾ, ನಾಡಿದ್ದು ಪಾಪುವಿನ ತೊಟ್ಟಿಲು. ಜಬ್ಲಾ ಹೊಲಿಯುವಾ ಅಂತ ಕೂತರೆ ಅಡಿಯಲ್ಲಿ ನೂಲು ಗುಪ್ಪೆ ಗುಪ್ಪೆ ಆಗ್ತಾ ಉಂಟು. ಮೆಷಿನ್ ಹಾಳಾಯ್ತಾ?”

ನಾನು ಮೊದಲು ಕೇಳಿದ್ದು ಒಂದೇ. “ತಿರುಪು ಏನಾದ್ರೂ ತಿರುಗಿಸಿದ್ದೀಯಾ?”

“ಮೇಲಿನದ್ದೂ ತಿರುಗಿಸಿ ಆಯ್ತು, ಬಾಬಿನ್ ಕೇಸಿನದ್ದೂ ತಿರುಗಿಸಿ ಆಯ್ತು.”

ಬಾಬಿನ್ ಎಂದರೆ ಅಡಿಯ ನೂಲು ಸುತ್ತಿದ ಚಿಕ್ಕ ಉರುಳೆ, ಅದು ಕೂರುವ ಡಬ್ಬಿಯೇ ಕೇಸು. ಅಲ್ಲಿಗೆ ಒಂದು ಇದ್ದ ದೋಷ ಮೂರಾಯಿತು. ಬಟ್ಟೆ ಕೆಟ್ಟಾಗ ನಮ್ಮ ಕೈ ತಾನಾಗಿ ನೂಲಿನ ಬಿಗಿ ಹೊಂದಿಸುವ ತಿರುಪಿನ ಕಡೆಗೆ ಹೋಗುತ್ತದೆ. ಆದರೆ ನಿನ್ನೆವರೆಗೆ ಸರಿ ಇದ್ದ ತಿರುಪು ಇವತ್ತು ತಾನಾಗಿ ಬದಲಾಗುವುದು ತುಂಬಾ ಕಡಿಮೆ. ಬದಲಾದದ್ದು ಬೇರೆ ಏನೋ ಇರುತ್ತದೆ. ಹೊಸ ಬಟ್ಟೆ ಹಾಕಿರುತ್ತೇವೆ, ನೂಲು ಬದಲಿಸಿರುತ್ತೇವೆ, ಸೂಜಿ ತಗುಲಿ ಬಾಗಿರುತ್ತದೆ. ಅದನ್ನು ಹುಡುಕಬೇಕು.

ನನ್ನದು ಕಪ್ಪು ಬಣ್ಣದ, ಕಾಲಲ್ಲಿ ತುಳಿಯುವ ಹಳೆ ಮೆಷಿನ್. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಈಚೆ, ತೋಟದ ನಡುವಿನ ಮನೆ. ಇಲ್ಲಿ ರಿಪೇರಿಯವರನ್ನು ಕರೆಸಬೇಕೆಂದರೆ ಬಸ್ಸಿನ ದಾರಿ, ಒಂದು ದಿನದ ಕೆಲಸ. ಹಾಗಾಗಿ ದೋಷವನ್ನು ನಾನೇ ಹುಡುಕುವ ಅಭ್ಯಾಸ ಆಯಿತು. ಮಕ್ಕಳ ಬಟ್ಟೆ, ತೊಟ್ಟಿಲಿಗೆ ಕೊಡುವ ಕುಲಾವಿ, ಬಟ್ಟೆಯ ಗೊಂಬೆ, ಇವನ್ನೇ ನಾನು ಜಾಸ್ತಿ ಹೊಲಿಯುವುದು. ಇವುಗಳ ದೋಷವೇ ಬೇರೆ ಥರ. ದೊಡ್ಡವರ ರವಿಕೆ ಬಿಗಿಯಾದರೆ ಅವರೇ ಹೇಳುತ್ತಾರೆ. ಮಗು ಅಳುತ್ತದೆ, ಅಷ್ಟೇ. ಯಾಕೆ ಅಂತ ನಾವು ಕಂಡುಹಿಡಿಯಬೇಕು.

ತಿರುಪಿಗೆ ಮೊದಲು

ಹೊಲಿಯುವ ಬಟ್ಟೆಯದ್ದೇ ಒಂದು ತುಂಡು ಯಾವಾಗಲೂ ಪಕ್ಕದಲ್ಲಿರಲಿ. ಬೇರೆ ಬಟ್ಟೆಯಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಲ್‌ಮಲ್‌ನಲ್ಲಿ ಆಗುವ ತೊಂದರೆ ದಪ್ಪ ಪಾಪ್ಲಿನ್‌ನಲ್ಲಿ ಆಗುವುದೇ ಇಲ್ಲ. ಅಂಗಿಯಲ್ಲಿ ಎಷ್ಟು ಪದರ ಇದೆಯೋ ತುಂಡನ್ನೂ ಅಷ್ಟೇ ಪದರ ಮಡಚಿ.

ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಂದು ಗೇಣು ಹೊಲಿದು ನೋಡಿ. ಸೂಜಿಯನ್ನೂ ನೂಲನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾದೀತು, ಆದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯದು. ಮುಂದಿನ ಸಲ ಮತ್ತೆ ಅದೇ ಪರದಾಟ.

ಮೊದಲು ಬದಲಿಸಬೇಕಾದ್ದು ಸೂಜಿ. ಇಡೀ ಮೆಷಿನಿನಲ್ಲಿ ಅತಿ ಅಗ್ಗದ ಸಾಮಾನು ಅದು, ಅತಿ ಬೇಗ ಕೆಡುವುದೂ ಅದೇ. ಏಳೆಂಟು ಗಂಟೆ ಹೊಲಿದ ಮೇಲೆ ತುದಿ ಮೊಂಡಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಹಳೆ ನೈಲಾನ್ ಸೀರೆಯ ಮೇಲೆ ತುದಿಯನ್ನು ಮೆಲ್ಲಗೆ ಎಳೆಯಿರಿ. ಎಳೆ ಕಿತ್ತು ಬಂದರೆ ಆ ಸೂಜಿ ಆಯಿತು ಅಂತ ಅರ್ಥ. ಚಪ್ಪಟೆ ಬದಿ ಇರುವ ಸೂಜಿಯಾದರೆ ಅದನ್ನು ಗಾಜಿನ ಮೇಲೆ ಮಲಗಿಸಿ ನೋಡಿ. ಸೂಜಿಗೂ ಗಾಜಿಗೂ ನಡುವಿನ ಸಂದು ಉದ್ದಕ್ಕೂ ಒಂದೇ ಸಮ ಇರಬೇಕು. ತುದಿಯ ಕಡೆ ಏರುಪೇರು ಕಂಡರೆ ಸೂಜಿ ಬಾಗಿದೆ.

ನಂಬರ್ ಮುಖ್ಯ. ಮಲ್‌ಮಲ್, ವಾಯಿಲ್ ಬಟ್ಟೆಗೆ 9 ಅಥವಾ 11. ಪಾಪ್ಲಿನ್‌ಗೆ 11 ಅಥವಾ 14. ಜೀನ್ಸ್‌ನಂಥ ದಪ್ಪಕ್ಕೆ 16. ಬನಿಯನ್ ಬಟ್ಟೆಗೆ ಉರುಟು ತುದಿಯ ಬಾಲ್ ಪಾಯಿಂಟ್ ಸೂಜಿಯೇ ಬೇಕು. ನಮ್ಮ ಕಡೆಯ ಅಂಗಡಿಗಳಲ್ಲಿ ಕನ್ನಡ, ಮಲಯಾಳ, ತುಳು ಯಾವುದರಲ್ಲಿ ಕೇಳಿದರೂ ನಡೆಯುತ್ತದೆ, ನಂಬರ್ ಮಾತ್ರ ಸರಿ ಹೇಳಿ. ಹಳೆ ಸೂಜಿಯನ್ನು ಕಾಗದಕ್ಕೆ ಚುಚ್ಚಿ ತೆಗೆದುಕೊಂಡು ಹೋಗುವುದು ಇನ್ನೂ ಒಳ್ಳೆಯದು. ಬುಡ ಪೂರ್ತಿ ಉರುಟಾಗಿರುವ ಸೂಜಿ ಬೇರೆ, ಒಂದು ಬದಿ ಚಪ್ಪಟೆ ಇರುವ ಸೂಜಿ ಬೇರೆ. ಅದಲು ಬದಲಾದರೆ ಹೊಲಿಗೆಯೇ ಬೀಳುವುದಿಲ್ಲ.

ಸೂಜಿ ಹಾಕುವಾಗ ಚಪ್ಪಟೆ ಬದಿ ಬಾಬಿನ್ ಕೂರುವ ಶಟಲ್ ಇರುವ ಕಡೆಗೆ ಬರಬೇಕು. ಉದ್ದದ ಗೀರು ಇರುವ ಕಡೆಯಿಂದ ನೂಲು ಒಳಗೆ ಹೋಗಬೇಕು. ಸೂಜಿಯನ್ನು ಮೇಲಕ್ಕೆ ತಾಗುವ ತನಕ ದೂಡಿ ಸ್ಕ್ರೂ ಬಿಗಿ ಮಾಡಿ. ಒಂದೆರಡು ಮಿಲಿಮೀಟರ್ ಕೆಳಗೆ ನಿಂತರೂ ಹೊಲಿಗೆ ಬಿಡುತ್ತದೆ.

ಅಡಿಯಲ್ಲಿ ಗುಪ್ಪೆ

ನನ್ನ ಹತ್ತಿರ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಇದರಲ್ಲಿ ಎಲ್ಲರೂ ದಾರಿ ತಪ್ಪುವುದೂ ಒಂದೇ ಜಾಗದಲ್ಲಿ. ಗುಪ್ಪೆ ಅಡಿಯಲ್ಲಿ ಕಾಣುತ್ತದೆ, ಹಾಗಾಗಿ ತಪ್ಪು ಬಾಬಿನ್‌ನದ್ದು ಎಂದುಕೊಳ್ಳುತ್ತಾರೆ. ಹಾಗಲ್ಲ. ಅಡಿಯಲ್ಲಿ ಗುಪ್ಪೆ ಕಟ್ಟುವುದು ಮೇಲಿನ ನೂಲು. ಅದನ್ನು ಹಿಡಿದು ಎಳೆಯುವವರು ಇಲ್ಲದಾಗ ಅದು ಕೆಳಗೆ ಇಳಿದು ಸುತ್ತಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಮೇಲೆ ಕೆಂಪು ನೂಲು, ಬಾಬಿನ್‌ಗೆ ಬಿಳಿ ನೂಲು ಹಾಕಿ ತುಂಡು ಬಟ್ಟೆಯಲ್ಲಿ ಹೊಲಿಯಿರಿ. ಅಡಿಯಲ್ಲಿ ಕೆಂಪು ಸುರುಳಿ ಕಂಡರೆ ಮೇಲಿನ ನೂಲು ಸಡಿಲ. ಮೇಲ್ಗಡೆ ಬಿಳಿ ಚುಕ್ಕಿ ಕಂಡರೆ ಬಾಬಿನ್ ಸಡಿಲ, ಇಲ್ಲವೇ ಮೇಲಿನದ್ದು ತುಂಬಾ ಬಿಗಿ. ಮೇಲೆ ಕೆಂಪೊಂದೇ, ಅಡಿಯಲ್ಲಿ ಬಿಳಿಯೊಂದೇ ಕಂಡರೆ ಸರಿ ಇದೆ. ಅಕ್ಕನ ಮಗಳಿಗೂ ನಾನು ಇದನ್ನೇ ಮಾಡಿಸಿದೆ. ಅವಳು ಫೋಟೋ ಕಳಿಸಿದಳು. ಅಡಿಯಲ್ಲಿ ಇಡೀ ಕೆಂಪು.

ಮೇಲಿನ ನೂಲು ಸಡಿಲವಾಗಲು ತಿರುಪು ಒಂದೇ ಕಾರಣ ಅಲ್ಲ. ಮೇಲಿನ ನೂಲನ್ನು ಬಿಗಿ ಹಿಡಿಯುವ ಟೆನ್ಶನ್‌ನ ಎರಡು ಬಿಲ್ಲೆಗಳ ನಡುವೆ ನೂಲು ಕೂತಿರಬೇಕು. ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಎತ್ತಿದಾಗ ಆ ಬಿಲ್ಲೆಗಳು ಬಿಡಿಸಿಕೊಳ್ಳುತ್ತವೆ, ಇಳಿಸಿದಾಗ ಬಿಗಿಯುತ್ತವೆ. ಫೂಟ್ ಕೆಳಗಿರುವಾಗಲೇ ನೂಲು ಹಾಕಿದರೆ ಅದು ಬಿಲ್ಲೆಗಳ ಮೇಲೆ ಹಾದುಹೋಗುತ್ತದೆ, ನಡುವೆ ಕೂರುವುದಿಲ್ಲ. ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಪರೀಕ್ಷೆ ಸುಲಭ. ಫೂಟ್ ಎತ್ತಿ ಸೂಜಿಯ ಹತ್ತಿರ ನೂಲು ಎಳೆಯಿರಿ, ಸರಾಗವಾಗಿ ಬರಬೇಕು. ಫೂಟ್ ಇಳಿಸಿ ಎಳೆಯಿರಿ, ಹಿಡಿಯಬೇಕು. ಎರಡೂ ಸಲ ಒಂದೇ ಥರ ಬಂದರೆ ನೂಲು ಬಿಲ್ಲೆಯೊಳಗಿಲ್ಲ, ಅಥವಾ ಬಿಲ್ಲೆಗಳ ನಡುವೆ ಕಸ ಸಿಕ್ಕಿದೆ. ಒಂದು ತುಂಡು ಮಲ್‌ಮಲ್ ಮಡಚಿ ನಡುವೆ ಹಾಕಿ ಎಳೆದರೆ ಆ ಕಸ ಹೊರಗೆ ಬರುತ್ತದೆ.

ಇನ್ನೊಂದು ಜಾಗ, ಮೇಲಿನ ನೂಲು ಹಾದು ಬರುವ, ಮೇಲೆ ಕೆಳಗೆ ಕುಣಿಯುವ ಕಡ್ಡಿ. ಅದರ ತೂತಿನಿಂದ ನೂಲು ತಪ್ಪಿಹೋಗಿದ್ದರೆ ನಾಲ್ಕೇ ಹೊಲಿಗೆಗೆ ಗೂಡು ಕಟ್ಟುತ್ತದೆ. ಮೆಷಿನ್ ಗಟ್ಟಿಯಾಗಿ ನಿಂತೇ ಬಿಡುತ್ತದೆ. ಆಗ ಬಲವಂತ ಮಾಡಬೇಡಿ. ಫೂಟ್ ಎತ್ತಿ, ಬಟ್ಟೆಯ ಅಡಿಯಿಂದ ಚಿಕ್ಕ ಕತ್ತರಿಯಲ್ಲಿ ನೂಲನ್ನು ಬಿಡಿಸಿ. ಎಳೆದರೆ ಮಲ್‌ಮಲ್ ಹರಿಯುತ್ತದೆ.

ಫೂಟ್ ಇಳಿಸಲು ಮರೆತು ಹೊಲಿದರೂ ಇದೇ ಗೂಡು. ದಪ್ಪ ಬಟ್ಟೆಯಲ್ಲಿ ಈ ಮರೆವು ಜಾಸ್ತಿ. ಬಟ್ಟೆ ಫೂಟಿಗೆ ತಾಗಿಕೊಂಡೇ ಇರುತ್ತದೆ, ಇಳಿದಿದೆ ಎಂದು ತೋರುತ್ತದೆ. ತುಳಿಯುವ ಮೆಷಿನ್ ಹೊಸದಾಗಿ ಕಲಿಯುವವರಿಗೆ ಚಕ್ರ ಹಿಂದಕ್ಕೆ ತಿರುಗುವುದೂ ಉಂಟು. ಮೇಲಿನ ಚಕ್ರ ನಮ್ಮ ಕಡೆಗೆ ತಿರುಗಬೇಕು. ಒಂದೆರಡು ಸುತ್ತು ಆಚೆಗೆ ಹೋದರೂ ನೂಲು ಸಿಕ್ಕಾಗುತ್ತದೆ. ಶುರು ಮಾಡುವಾಗ ಕೈಯಲ್ಲಿ ಚಕ್ರ ತಿರುಗಿಸಿ ಆಮೇಲೆ ಕಾಲು ಒತ್ತಿ.

ಹೊಲಿಗೆಯ ಶುರುವಿನಲ್ಲಿ ಮಾತ್ರ ಗುಪ್ಪೆಯಾಗಿ ಮುಂದೆ ಸರಿ ಹೋದರೆ ಮೆಷಿನಿನ ತಪ್ಪು ಏನೂ ಇಲ್ಲ. ಎರಡೂ ನೂಲಿನ ತುದಿಯನ್ನು ಹಿಂದಕ್ಕೆ ಹಿಡಿದುಕೊಂಡು ಮೊದಲ ಮೂರ್ನಾಲ್ಕು ಹೊಲಿಗೆ ಹಾಕಬೇಕು. ಅಷ್ಟೇ.

ಇಷ್ಟೆಲ್ಲ ನೋಡಿದ ಮೇಲೆ ಬಾಬಿನ್. ಕೇಸನ್ನು ನೂಲಿನಲ್ಲಿ ತೂಗಿ ಹಿಡಿಯಿರಿ. ತಾನಾಗಿ ಕೆಳಗೆ ಜಾರಬಾರದು. ಕೈಯನ್ನು ಸಣ್ಣಗೆ ಕುಲುಕಿದರೆ ಸ್ವಲ್ಪ ಇಳಿದು ನಿಲ್ಲಬೇಕು. ಕೇಸಿನ ತಗಡಿನ ಅಡಿಯಲ್ಲಿ ನೂಲಿನ ಹೊಟ್ಟು ಸಿಕ್ಕಿದ್ದರೆ ತಿರುಪು ಎಷ್ಟು ಬಿಗಿದರೂ ಫಲವಿಲ್ಲ. ದಪ್ಪ ಕಾಗದದ ಮೂಲೆಯನ್ನು ತೂರಿಸಿ ಅದನ್ನು ತೆಗೆಯಿರಿ. ಇದೂ ಆಗದಿದ್ದರೆ ಆಗ ತಿರುಪು. ಅದೂ ಕಾಲು ಸುತ್ತು ಮಾತ್ರ, ಮೊದಲು ಎಲ್ಲಿತ್ತು ಎಂದು ಪೆನ್ಸಿಲ್ ಗುರುತು ಹಾಕಿಕೊಂಡು.

ಅಕ್ಕನ ಮಗಳ ಮೆಷಿನಿನಲ್ಲಿ ಆದದ್ದು ಮೊದಲು ಹೇಳಿದ್ದೇ. ಮಗು ಎದ್ದು ಅತ್ತಿತು, ಅವಳು ಓಡಿದಳು, ಬಂದು ಅರ್ಜೆಂಟಿನಲ್ಲಿ ಫೂಟ್ ಎತ್ತದೆ ನೂಲು ಹಾಕಿದಳು. ಅದನ್ನು ಸರಿ ಮಾಡಲು ಒಂದು ನಿಮಿಷ ಸಾಕಾಯಿತು. ಅವಳು ತಿರುಗಿಸಿದ ಎರಡು ತಿರುಪುಗಳನ್ನು ಮೊದಲಿನ ಜಾಗಕ್ಕೆ ತರಲು ರಾತ್ರಿ ಹತ್ತು ಗಂಟೆಯಾಯಿತು.

ನೂಲು ತುಂಡಾಗುವುದು, ಹೊಲಿಗೆ ಬಿಡುವುದು

ಹೊಲಿಗೆ ಬಿಡುತ್ತಿದ್ದರೆ ಹತ್ತರಲ್ಲಿ ಎಂಟು ಸಲ ಸೂಜಿ. ಬನಿಯನ್ ಬಟ್ಟೆಯಲ್ಲಿ ಮಾತ್ರ ಬಿಡುತ್ತಿದ್ದರೆ ಖಂಡಿತ ಸೂಜಿಯೇ. ಮೇಲಿನ ನೂಲು ಮತ್ತೆ ಮತ್ತೆ ತುಂಡಾದರೆ ನೂಲನ್ನೇ ಕೈಯಲ್ಲಿ ಎಳೆದು ನೋಡಿ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಹತ್ತಿ ನೂಲು ಸತ್ವ ಕಳೆದುಕೊಳ್ಳುತ್ತದೆ. ಹೊಸ ನೂಲೂ ತುಂಡಾಗುತ್ತಿದ್ದರೆ ಸೂಜಿಯ ಕಣ್ಣು ಸವೆದು ಚೂಪಾಗಿದೆ, ಇಲ್ಲವೇ ಸೂಜಿ ಹೋಗುವ ತಟ್ಟೆಯ ತೂತಿನಲ್ಲಿ ಗೀರು ಬಿದ್ದಿದೆ.

ಮಲ್‌ಮಲ್‌ನ ಮೂಲೆಯನ್ನು ಮೆಷಿನ್ ತೂತಿನೊಳಗೆ ಎಳೆದುಕೊಳ್ಳುತ್ತದೆ ಎಂದು ತುಂಬಾ ಜನ ಹೇಳುತ್ತಾರೆ. ತುದಿಯಿಂದಲೇ ಶುರು ಮಾಡಬೇಡಿ. ಒಂದು ಸೆಂಟಿಮೀಟರ್ ಒಳಗಿಂದ ಶುರು ಮಾಡಿ. ಅಡಿಯಲ್ಲಿ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದರೆ ಬಟ್ಟೆ ಸುಕ್ಕೂ ಆಗುವುದಿಲ್ಲ.

ನಮ್ಮ ಮಳೆ, ನಮ್ಮ ಎಣ್ಣೆ

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಇಲ್ಲಿನ ಮೆಷಿನಿನ ಕಾಯಿಲೆಗಳಲ್ಲಿ ಅರ್ಧ ಈ ನಾಲ್ಕು ತಿಂಗಳಲ್ಲೇ ಹುಟ್ಟುತ್ತವೆ.

ತುಳಿದರೂ ಚಕ್ರ ಎಳೆಯದೆ ಜಾರಿದರೆ ಚರ್ಮದ ಬೆಲ್ಟ್ ಸಡಿಲವಾಗಿದೆ. ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಕೊಂಡಿ ಹಾಕಿ. ಜಾಸ್ತಿ ಕತ್ತರಿಸಿದರೆ ತುಳಿಯಲು ಭಾರವಾಗಿ ಕಾಲು ನೋಯುತ್ತದೆ.

ಮೆಷಿನ್ ಬಿಗಿಯಾದರೆ ನಮ್ಮಲ್ಲಿ ಕೈಗೆ ಸಿಗುವುದು ತೆಂಗಿನೆಣ್ಣೆ. ದಯವಿಟ್ಟು ಅದನ್ನು ಹಾಕಬೇಡಿ. ಹಾಕಿದ ದಿನ ಮೆಷಿನ್ ಹೂವಿನಂತೆ ಓಡುತ್ತದೆ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲಿ ಬೆಣ್ಣೆಯ ಹಾಗೆ ನಿಲ್ಲುತ್ತದಲ್ವಾ, ಮೆಷಿನಿನ ಒಳಗೂ ಹಾಗೆಯೇ. ಮೇಲಿಂದ ನೂಲಿನ ಹೊಟ್ಟು ಅಂಟಿ ಕಪ್ಪು ಜಿಡ್ಡಾಗುತ್ತದೆ. ಯಾರಾದರೂ ಹಾಕಿಬಿಟ್ಟಿದ್ದರೆ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು, ಬಟ್ಟೆ ಇಲ್ಲದೆ ಓಡಿಸಿ, ಒರೆಸಿ, ಆಮೇಲೆ ಮೆಷಿನ್ ಎಣ್ಣೆ ಹಾಕಿ. ಸೀಮೆಎಣ್ಣೆ ಬಿಡುವಾಗ ಹತ್ತಿರ ಒಲೆ, ದೀಪ ಬೇಡ. ಎಣ್ಣೆ ಹಾಕಿದ ಮೇಲೆ ಮೊದಲು ಹಳೆ ಬಟ್ಟೆಯಲ್ಲಿ ಹೊಲಿಯಿರಿ. ಬಿಳಿ ಜಬ್ಲಾದ ಎದೆಯ ಮೇಲೆ ಎಣ್ಣೆ ಚುಕ್ಕಿ ಬಿದ್ದರೆ ಮನಸ್ಸಿಗೆ ತುಂಬಾ ನೋವಾಗುತ್ತದೆ.

ಹೊಲಿಗೆಯ ಉದ್ದಕ್ಕೂ ಕಂದು ಚುಕ್ಕಿ ಕಂಡರೆ ಅದು ತುಕ್ಕು. ಸೂಜಿ ಮಳೆಗಾಲದಲ್ಲಿ ಮೆಷಿನಿನಲ್ಲೇ ಉಳಿದಿತ್ತು ಅಂತ ಅರ್ಥ. ಟಿಚ್ ಬಟನ್‌ನ ಸುತ್ತ ಕಂಡರೆ ಬಟನ್‌ನದ್ದೇ ತುಕ್ಕು.

ಒಗೆದ ಮೇಲೆ ಗೊತ್ತಾಗುವ ತಪ್ಪುಗಳು

ಹೊಲಿದಾಗ ಸರಿ ಇತ್ತು, ಒಂದು ಒಗೆತಕ್ಕೆ ಗಿಡ್ಡ ಆಯಿತು. ಇದಕ್ಕೆ ಕತ್ತರಿಸುವ ಮೊದಲೇ ಮದ್ದು ಮಾಡಬೇಕು. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಸಾಮಾನ್ಯವಾಗಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುತ್ತದೆ. ಎರಡು ಮೀಟರಿಗೆ 6ರಿಂದ 10 ಸೆಂಟಿಮೀಟರ್. ಉದ್ದದ ಕಡೆಗೇ ಜಾಸ್ತಿ. ರಾತ್ರಿ ನೀರಲ್ಲಿ ಹಾಕಿ, ಒಣಗಿಸಿ, ಇಸ್ತ್ರಿ ಹಾಕಿ ಆಮೇಲೆ ಕತ್ತರಿ ಹಿಡಿಯಿರಿ. ಕತ್ತಿನ ಅಂಚಿಗೆ ಹಾಕುವ ಪೈಪಿಂಗ್ ಪಟ್ಟಿಯ ಬಟ್ಟೆಯನ್ನೂ ಒಟ್ಟಿಗೇ ನೆನೆಸಿ. ಅಂಗಿ ನೆನೆಸಿ, ಪಟ್ಟಿ ನೆನೆಸದೆ ಬಿಟ್ಟರೆ ಒಗೆದ ಮೇಲೆ ಕತ್ತು ಸುಕ್ಕಾಗಿ ನಿಲ್ಲುತ್ತದೆ.

ಬಣ್ಣ ಬಿಡುತ್ತದೆಯೇ ಎಂದು ನೋಡಲು ಒದ್ದೆ ಬಿಳಿ ಬಟ್ಟೆಯಲ್ಲಿ ಗಟ್ಟಿಯಾಗಿ ಉಜ್ಜಿ. ಕಡು ಕೆಂಪು, ನೀಲಿ ಇದ್ದರೆ ಬಿಡುವ ಭಯ ಜಾಸ್ತಿ. ಉಪ್ಪು ನೀರಲ್ಲಿ, ವಿನೆಗರ್‌ನಲ್ಲಿ ಹಾಕಿದರೆ ನಿಲ್ಲುತ್ತದೆ ಎನ್ನುತ್ತಾರೆ. ಬಣ್ಣ ಹಾಕಿ ಆದ ಬಟ್ಟೆಗೆ ಅದರಿಂದ ಏನೂ ಆಗುವುದಿಲ್ಲ. ಮೂರು ಸಲ ಒಗೆದೂ ಬಿಡುತ್ತಿದ್ದರೆ ಆ ಬಟ್ಟೆ ಮಗುವಿಗೆ ಬೇಡ. ಮಗು ತೋಳನ್ನೂ ಕತ್ತಿನ ಪಟ್ಟಿಯನ್ನೂ ಬಾಯಲ್ಲಿ ಹಾಕಿ ಚೀಪುತ್ತದೆ.

ಹಳೆ ಮುಂಡು, ಹಳೆ ಹತ್ತಿ ಸೀರೆ ಎಳೆ ಮಗುವಿಗೆ ಎಷ್ಟು ಹಿತ ಎಂದು ಹೇಳಬೇಕಾಗಿಲ್ಲ. ಭೌಗೋಳಿಕ ಸೂಚಿಯ ಗುರುತು ಪಡೆದ ನಮ್ಮ ಕಾಸರಗೋಡು ಕೈಮಗ್ಗದ ಸೀರೆ ಹಳತಾದಷ್ಟೂ ಮೆತ್ತಗಾಗುತ್ತದೆ. ಅಮ್ಮನ ಒಂದು ಸೀರೆಯಿಂದ ನಾನು ನಾಲ್ಕು ಜಬ್ಲಾ ಹೊಲಿದಿದ್ದೇನೆ. ಅದರಲ್ಲಿ ಎರಡು ಹೊಲಿಗೆಯ ಪಕ್ಕದಲ್ಲೇ ಹರಿದವು. ನೂಲು ಗಟ್ಟಿಯಿತ್ತು, ಬಟ್ಟೆ ಸೋತಿತ್ತು. ಸೀರೆಯನ್ನು ವರ್ಷಾನುಗಟ್ಟಲೆ ಮಡಚಿಟ್ಟ ಗೆರೆಯ ಮೇಲೆ, ಕಾಲಿಗೆ ತಾಗುವ ಕೆಳ ಅಂಚಿನ ಹತ್ತಿರ ಎಳೆ ಸವೆದಿರುತ್ತದೆ. ಬೆಳಕಿಗೆ ಹಿಡಿದು ನೋಡಿ, ಎರಡು ಹೆಬ್ಬೆರಳ ನಡುವೆ ಎಳೆದು ನೋಡಿ. ಚರ್ ಅಂದರೆ ಆ ಭಾಗ ಬಿಡಿ. ಒಳ ಸೆರಗಿನ ಬಟ್ಟೆ ಹೆಚ್ಚಾಗಿ ಗಟ್ಟಿ ಇರುತ್ತದೆ.

ಪೈಜಾಮದ ಕಾಲು ಒಂದೇ ಬದಿಗೆ ತಿರುಚಿಕೊಂಡರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ್ದೀರಿ. ಕೆಳ ಅಂಚಿನಿಂದ ಒಂದು ಎಳೆ ಕಿತ್ತು ನೋಡಿ. ಅದು ಅಡ್ಡಕ್ಕೆ ನೇರ ಹೋಗದೆ ಏರಿಳಿದರೆ ಸಂಶಯ ಬೇಡ. ಇದಕ್ಕೆ ಮದ್ದಿಲ್ಲ. ಕಾಲು ಕತ್ತರಿಸಿ ಚಡ್ಡಿ ಮಾಡಿ, ಗಿಡ್ಡವಾದರೆ ತಿರುಚುವುದು ಕಾಣುವುದಿಲ್ಲ. ಮುಂದಿನ ಸಲ ಮಗ್ಗದ ಅಂಚಿಗೆ ಸಮವಾಗಿ ಕಾಗದ ಇಡಿ.

ತಲೆ ಹೋಗದ ಕತ್ತು

ಮಕ್ಕಳ ಅಂಗಿಯಲ್ಲಿ ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದು ಕತ್ತು. ಮೊದಮೊದಲು ದೊಡ್ಡವರ ಅಳತೆಯನ್ನೇ ಚಿಕ್ಕದು ಮಾಡಿ ಹೊಲಿದೆ. ಎದೆ ಸರಿ, ತೋಳು ಸರಿ, ತಲೆ ಮಾತ್ರ ಹೋಗುತ್ತಿರಲಿಲ್ಲ. ಕಾರಣ ಮಗುವಿನ ಮೈಯಲ್ಲೇ ಇದೆ. ಹುಟ್ಟುವಾಗ ಮಗುವಿನ ತಲೆಯ ಸುತ್ತಳತೆ ಸುಮಾರು 34ರಿಂದ 35 ಸೆಂಟಿಮೀಟರ್, ಎದೆ ಅದಕ್ಕಿಂತ ತುಸು ಕಡಿಮೆ. ಒಂದು ವರ್ಷದ ಹೊತ್ತಿಗೆ ಎರಡೂ ಸುಮಾರು 46ಕ್ಕೆ ಸಮವಾಗುತ್ತವೆ. ಆಮೇಲೆ ಎದೆ ಮುಂದೆ ಹೋಗುತ್ತದೆ. ಹಾಗಾಗಿ ಚಿಕ್ಕ ಮಗುವಿನ ಅಂಗಿಯಲ್ಲಿ ಎದೆಗಿಂತ ಮೊದಲು ತಲೆ ಅಳೆಯಬೇಕು.

ದೋಷ ಹುಡುಕುವ ಕ್ರಮ ಹೀಗೆ. ಟೇಪನ್ನು ನಿಲ್ಲಿಸಿ ಹಿಡಿದು ಹೊಲಿದ ಕತ್ತಿನ ಅಂಚಿನ ಸುತ್ತಳತೆ ತೆಗೆಯಿರಿ. 32 ಬಂತು ಎಂದಿಟ್ಟುಕೊಳ್ಳಿ. ತಲೆ 46. ಸಲೀಸಾಗಿ ಹೋಗಲು ಇನ್ನೆರಡು ಸೇರಿಸಿ, 48 ಬೇಕು. ಕೊರತೆ 16. ಈಗ ಬೆನ್ನಲ್ಲಿ ಒಂದು ಸೀಳು ಕೊಟ್ಟರೆ ಅದು ತನ್ನ ಉದ್ದದ ಎರಡರಷ್ಟು ಜಾಗ ಬಿಡಿಸುತ್ತದೆ, ಎರಡು ಬದಿ ತೆರೆಯುತ್ತದಲ್ವಾ. ಅಂದರೆ 8 ಸೆಂಟಿಮೀಟರ್ ಸೀಳು ಸಾಕು, ನಾನು 10 ಇಡುತ್ತೇನೆ. ಕತ್ತನ್ನೇ ಅಗಲ ಮಾಡಹೋದರೆ ಅಂಗಿ ಭುಜದಿಂದ ಜಾರುತ್ತದೆ. ಆ ತಪ್ಪನ್ನು ನಾನೂ ಮಾಡಿದ್ದೇನೆ.

ಕತ್ತು ಕಾಗದದಲ್ಲಿ ಸರಿ ಇದ್ದು ಹೊಲಿದ ಮೇಲೆ ದೊಡ್ಡದಾದರೂ ಕಾರಣ ಲೆಕ್ಕದಲ್ಲೇ ಇದೆ. ಪಟ್ಟಿ ಇಟ್ಟು ಒಳಗೆ ಮಡಚುವ ಕತ್ತಿನಲ್ಲಿ ಅರ್ಧ ಸೆಂಟಿಮೀಟರ್ ಒಳಗೆ ಹೊಲಿದರೆ ಸುತ್ತಳತೆ ಸುಮಾರು 3 ಸೆಂಟಿಮೀಟರ್ ಹಿಗ್ಗುತ್ತದೆ. ಅಂಚನ್ನು ಸುತ್ತಿ ಹೊಲಿಯುವ ಪೈಪಿಂಗಿನಲ್ಲಿ ಹಿಗ್ಗುವುದಿಲ್ಲ. ಯಾವ ಬಗೆ ಎಂದು ಮೊದಲೇ ನಿರ್ಧರಿಸಿ ಕತ್ತರಿಸಿ.

ಇನ್ನು ಅಲೆ ಅಲೆಯಾಗಿ ನಿಲ್ಲುವ ಕತ್ತು. ಐದು ಸೆಂಟಿಮೀಟರಿನಷ್ಟು ಹೊಲಿಗೆ ಬಿಚ್ಚಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ. ಅಂಗಿಯ ಬಟ್ಟೆಯೇ ಅಲೆಯಾಗಿ ಕೂತರೆ ಕತ್ತು ಎಳೆದು ಹಿಗ್ಗಿದೆ. ಉರುಟಾಗಿ ಕತ್ತರಿಸಿದ ಕತ್ತಿನಲ್ಲಿ ಬಟ್ಟೆ ಓರೆಯಿರುವ ಕಡೆ ಕೈ ತಾಗಿದರೂ ಹಿಗ್ಗುತ್ತದೆ. ಕತ್ತರಿಸಿದ ಕೂಡಲೇ ಅಂಚಿನಿಂದ 3 ಮಿಲಿಮೀಟರ್ ಒಳಗೆ ಒಂದು ಸುತ್ತು ಹೊಲಿದು ಬಿಟ್ಟರೆ ಈ ತೊಂದರೆ ಇಲ್ಲ. ಬಿಚ್ಚಿದಾಗ ಅಂಗಿ ಚಪ್ಪಟೆಯಾಗಿ ಕೂತರೆ ತಪ್ಪು ಪಟ್ಟಿಯದ್ದು. ಅದನ್ನು ನೇರ ಎಳೆಯಲ್ಲಿ ಕತ್ತರಿಸಿರುತ್ತೀರಿ, ಇಲ್ಲವೇ ಸಡಿಲ ಬಿಟ್ಟು ಹೊಲಿದಿರುತ್ತೀರಿ. ಕ್ರಾಸ್ ಪಟ್ಟಿ ಎಂದರೆ 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ್ದೇ ಆಗಬೇಕು. ಕತ್ತಿನ ಉರುಟಿನಲ್ಲಿ ಪಟ್ಟಿಯನ್ನು ಕೂದಲೆಳೆಯಷ್ಟು ಎಳೆದು ಹಿಡಿಯಿರಿ, ಅಂಗಿಯನ್ನು ಎಳೆಯಬೇಡಿ. ಪಟ್ಟಿ ಎಳೆದದ್ದು ಜಾಸ್ತಿಯಾದರೆ ಕತ್ತು ನೆರಿಗೆ ಕಟ್ಟುತ್ತದೆ.

ಅಂಗಿ ಚೆಂದ, ಮಗು ಅಳುತ್ತದೆ

ಅಂಗಿಯನ್ನು ತಿರುಗಿಸಿ, ಒಳಬದಿಯನ್ನು ನಿಮ್ಮ ಕೆನ್ನೆಗೆ ಉಜ್ಜಿ. ಅಂಗೈಯ ಚರ್ಮ ದಪ್ಪ, ಅದಕ್ಕೆ ತಿಳಿಯುವುದಿಲ್ಲ. ಎಲ್ಲಿ ಚುಚ್ಚಿತೋ ಅಲ್ಲಿದೆ ದೋಷ. ಹೆಚ್ಚಾಗಿ ಕಂಕುಳಿನ ಹೊಲಿಗೆ, ಸೊಂಟದ ನೆರಿಗೆಯ ಒಳಬದಿ, ಕಂಪ್ಯೂಟರ್ ಕಸೂತಿಯ ಹಿಂಬದಿ. ಜರಿ ಇದ್ದರೆ ಅದೇ ಮೊದಲ ಸಂಶಯ. ಪಟ್ಟು ಪಾವಾಡೆಯ ಒಳಗೆ ಮಲ್‌ಮಲ್ ಲೈನಿಂಗ್ ಕೊಡಿ. ಸೊಂಟದ ಹೊಲಿಗೆಯ ಮೇಲೂ ಅದು ಬರಬೇಕು.

ಎಳೆ ಮಗುವಿನ ಜಬ್ಲಾಕ್ಕೆ ನಾನು ಎರಡು ಸಲ ಹೊಲಿಯುವ ಮುಚ್ಚು ಹೊಲಿಗೆಯನ್ನೇ ಹಾಕುವುದು. ಒಳಮೈಗಳನ್ನು ಎದುರಾಗಿಟ್ಟು, ಅಂಚಿನಿಂದ 4 ಮಿಲಿಮೀಟರಿನಲ್ಲಿ ಒಂದು ಸಲ. ಹೆಚ್ಚಿನ ಬಟ್ಟೆ ಕತ್ತರಿಸಿ, ತಿರುಗಿಸಿ, 6 ಮಿಲಿಮೀಟರಿನಲ್ಲಿ ಇನ್ನೊಂದು ಸಲ. ಕತ್ತರಿಸಿದ ಅಂಚು ಒಳಗೇ ಮುಚ್ಚಿ ಹೋಗುತ್ತದೆ. ಅಂಚಿನ ಎಳೆ ಬಿಚ್ಚದಂತೆ ಹಾಕುವ ಓವರ್‌ಲಾಕ್‌ನ ನೈಲಾನ್ ನೂಲಿಗಿಂತ ಇದು ಎಷ್ಟೋ ಮೆತ್ತಗೆ.

ಸೊಂಟದಲ್ಲಿ ಕೆಂಪು ಗೆರೆ ಬಿದ್ದರೆ ಇಲಾಸ್ಟಿಕ್ ಬಿಗಿ. ಮಗು ಕೂತಾಗ ಹೊಟ್ಟೆ ಹಿಗ್ಗುತ್ತದೆ, ಹಾಗಾಗಿ ಅಳತೆ ಕೂರಿಸಿ ತೆಗೆಯಿರಿ. ಅದಕ್ಕಿಂತ 2 ಅಥವಾ 3 ಸೆಂಟಿಮೀಟರ್ ಮಾತ್ರ ಕಡಿಮೆ ಇಡಿ. ಆರು ತಿಂಗಳಲ್ಲೇ ಇಲಾಸ್ಟಿಕ್ ಸತ್ತುಹೋದರೆ ನಮ್ಮ ಎಣ್ಣೆ ಸ್ನಾನವೂ ಕಾರಣ ಇದ್ದೀತು. ಎಣ್ಣೆ ರಬ್ಬರನ್ನು ಕೆಡಿಸುತ್ತದೆ. ಇಲಾಸ್ಟಿಕ್ ತೂರಿಸುವ ಕಡೆ ಒಂದು ಇಂಚು ಕೈಹೊಲಿಗೆ ಹಾಕಿಟ್ಟರೆ ಬದಲಿಸಲು ಸುಲಭ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕುಲಾವಿಗೂ ಅಂಗಿಯ ಕತ್ತಿಗೂ ಉದ್ದ ಲಾಡಿ ಇಡಬೇಡಿ. ನೋಡಲು ಚೆಂದ ನಿಜ. ತೊಟ್ಟಿಲಿನ ಕಂಬಿಗೆ, ಕಿಟಕಿಯ ಕೊಂಡಿಗೆ ಅದು ಸಿಕ್ಕಿಕೊಂಡರೆ ಕತ್ತು ಬಿಗಿಯುತ್ತದೆ. ಯುರೋಪಿನ ಇಎನ್ 14682 ಎಂಬ ಮಾನದಂಡದಲ್ಲಿ 7 ವರ್ಷದೊಳಗಿನ ಮಕ್ಕಳ ಬಟ್ಟೆಗೆ ತಲೆ ಮತ್ತು ಕತ್ತಿನ ಹತ್ತಿರ ಎಳೆದು ಕಟ್ಟುವ ದಾರ ಇಡುವಂತಿಲ್ಲ. ಜಬ್ಲಾಕ್ಕೆ ಪಕ್ಕದಲ್ಲಿ, ಪಕ್ಕೆಲುಬಿನ ಕೆಳಗೆ ಗಿಡ್ಡ ಲಾಡಿ ಕೊಡಿ. ಕುಲಾವಿಯನ್ನು ಬನಿಯನ್ ಬಟ್ಟೆಯಲ್ಲಿ ಹೊಲಿದರೆ ಲಾಡಿಯೇ ಬೇಡ.

ಗೊಂಬೆ ಬಿರಿದರೆ

ಬಟ್ಟೆಯ ಆನೆ, ಮೊಲ ಬಿರಿಯುವುದು ಯಾವಾಗಲೂ ಕಾಲಿನ ಸಂದಿನಲ್ಲಿ, ಕಿವಿಯ ಬುಡದಲ್ಲಿ. ಬಿರಿದ ಜಾಗ ನೋಡಿ. ನೂಲು ಕಡಿದಿದ್ದರೆ ಹೊಲಿಗೆ ದೊಡ್ಡದಾಯಿತು, 2 ಮಿಲಿಮೀಟರಿಗೆ ಇಳಿಸಿ, ಅದರ ಮೇಲೇ ಇನ್ನೊಂದು ಸಾಲು ಹಾಕಿ. ನೂಲು ಗಟ್ಟಿ ಇದ್ದು ಬಟ್ಟೆಯ ಎಳೆ ಕಿತ್ತು ಬಂದಿದ್ದರೆ ಅಂಚಿನಲ್ಲಿ ಬಟ್ಟೆ ಕಡಿಮೆ ಬಿಟ್ಟಿದ್ದೀರಿ, ಇಲ್ಲವೇ ತಿರುಗಿಸಲು ಕತ್ತರಿ ಗಾಯ ಹಾಕುವಾಗ ಹೊಲಿಗೆಯ ತೀರಾ ಹತ್ತಿರ ಹೋಗಿದ್ದೀರಿ.

ಒಳಗೆ ತುಂಬಲು ನಮ್ಮಲ್ಲಿ ಬೂರುಗದ ಹತ್ತಿ ಸುಲಭಕ್ಕೆ ಸಿಗುತ್ತದೆ. ಗೊಂಬೆಗೆ ಅದು ಒಳ್ಳೆಯದಲ್ಲ. ಒಗೆದರೆ ಗಂಟು ಕಟ್ಟುತ್ತದೆ, ಮಳೆಗಾಲದಲ್ಲಿ ಒಣಗದೆ ಒಳಗೇ ಬೂಸ್ಟು ಹಿಡಿಯುತ್ತದೆ. ಸಣ್ಣ ತೂತಾದರೂ ಎಳೆ ಹಾರಿ ಮಗುವಿನ ಮೂಗಿಗೆ ಹೋಗುತ್ತದೆ. ಒಗೆಯಬಹುದಾದ ಫೈಬರ್ ತುಂಬಿ. ಗೊಂಬೆಯನ್ನು ಮೂಸಿದಾಗ ಹಸಿ ವಾಸನೆ ಬಂದರೆ ಬಿಚ್ಚಿ ತುಂಬಿದ್ದನ್ನು ಎಸೆಯಿರಿ, ಬಿಸಿಲಿಗಿಟ್ಟರೆ ಸಾಲದು. ಸಾಸಿವೆ, ಹುಣಸೆಬೀಜ ತುಂಬಿದ ಗಿಲಕಿಯೂ ಬೇಡ.

ಕಣ್ಣಿಗೆ ಗುಂಡಿ ಇಟ್ಟ ಗೊಂಬೆ ತಂದು “ಸಡಿಲವಾಗಿದೆ ಅಕ್ಕಾ, ಗಟ್ಟಿ ಮಾಡಿ ಕೊಡಿ” ಎಂದು ನೆರೆಮನೆಯವರು ಕೇಳುತ್ತಾರೆ. ನಾನು ಗುಂಡಿ ತೆಗೆದು ನೂಲಿನಲ್ಲೇ ಕಣ್ಣು ಕಸೂತಿ ಹಾಕಿ ಕೊಡುತ್ತೇನೆ. ಅಮೆರಿಕದಲ್ಲಿ ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಒಂದು ಪರೀಕ್ಷೆ ಇದೆ. 31.7 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ಸಾಮಾನೂ ಗಂಟಲಿಗೆ ಅಪಾಯ ಎಂದು ಲೆಕ್ಕ. ನಮ್ಮ 10 ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್, ಅದೇ ಆ ಕೊಳವೆಯೊಳಗೆ ಇಳಿಯುತ್ತದೆ. ಅಂಗಿಯ ಗುಂಡಿ ಅದರ ಅರ್ಧವೂ ಇಲ್ಲ. ಒಂದು ವರ್ಷ ತುಂಬುವ ತನಕ ಮಲಗುವ ಜಾಗದಲ್ಲಿ ದಿಂಬೂ ಮೆತ್ತನೆಯ ಗೊಂಬೆಯೂ ಬೇಡ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ತೊಟ್ಟಿಲಿನ ಉಡುಗೊರೆಗೆ ಗೊಂಬೆ ಕೊಡುವಾಗ ನಾನು ಇದನ್ನೂ ಹೇಳಿಯೇ ಕೊಡುತ್ತೇನೆ.

ಕಟ್ಟಿ ಕೊಡುವ ಮೊದಲು

ಹೊಲಿಯುವಾಗ ಸೂಜಿ ಮುರಿದರೆ ಎರಡು ತುಂಡೂ ಕೈಗೆ ಸಿಗಬೇಕು. ಒಮ್ಮೆ ನನಗೆ ಬುಡ ಸಿಕ್ಕಿತು, ತುದಿ ಸಿಗಲಿಲ್ಲ. ನೆಲ ಗುಡಿಸಿದೆ, ಮೆಷಿನ್ ಬಿಚ್ಚಿದೆ. ಹಳೆ ರೇಡಿಯೋದ ಸ್ಪೀಕರಿನಿಂದ ತೆಗೆದಿಟ್ಟ ಅಯಸ್ಕಾಂತವನ್ನು ಫ್ರಾಕಿನ ಮೇಲೆ ಮೆಲ್ಲಗೆ ಆಡಿಸಿದಾಗ ಸೊಂಟದ ನೆರಿಗೆಯ ಒಳಗಿಂದ ಅರ್ಧ ಸೆಂಟಿಮೀಟರಿನ ತುದಿ ಅಂಟಿಕೊಂಡು ಬಂತು. ಆ ಫ್ರಾಕ್ ಮರುದಿನ ಕುಂಬಳೆಗೆ, ಎರಡು ವರ್ಷದ ಮಗುವಿಗೆ ಹೋಗಬೇಕಾಗಿತ್ತು.

ಅಂದಿನಿಂದ ಗುಂಡುಪಿನ್ನುಗಳನ್ನು ಎಣಿಸಿ ತೆಗೆಯುತ್ತೇನೆ, ಎಣಿಸಿ ಇಡುತ್ತೇನೆ. ಒಂದು ಕಡಿಮೆಯಾದರೂ ಸಿಗುವ ತನಕ ಆ ಬಟ್ಟೆ ನಮ್ಮ ಮನೆಯ ಮೆಟ್ಟಿಲು ಇಳಿಯುವುದಿಲ್ಲ.